ಇದರಲ್ಲಿ ನೀವೆಲ್ಲಿದ್ದೀರಿ?

"ಇಲ್ಲಿ ಸೈನ್ ಮಾಡಿ ದುರ್ಗವ್ವ," ಎಂದು ಮನು ಮೆಮೊವನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದ. ಅವಳ ಮುಖ ನೋಡುವ ಧೈರ್ಯ ಮಾಡಲಿಲ್ಲ. ಆದರೂ ಆ ಮುಖ ತಪ್ಪಲಿಲ್ಲ. ರಿಸೆಪ್ಷನ್ನಿನ ಗೋಡೆಯಿಂದ ಇಳಿಸಿ ತಂದ ಅವಳದೇ ಮೂರಡಿ ಎತ್ತರದ ಫೋಟೋ ಎದುರಿಗೇ ಒರಗಿ ನಿಂತು ಅವನನ್ನೇ ನೋಡುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಮಾಲೀಕ ಲಕ್ಷ್ಮಯ್ಯ ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು.

ಪೀಣ್ಯದ ಆ ಸ್ಟೀಲ್ ಕಾರ್ಖಾನೆಯಲ್ಲಿ ಮನು ಎಚ್‌ಆರ್ ನೋಡಿಕೊಳ್ಳುವವನು. ಆರು ತಿಂಗಳ ಹಿಂದೆ ಕ್ಯಾಮೆರಾ ಕೊಂಡ ಮೇಲೆ ಹೊಟ್ಟೆಪಾಡಿಗಷ್ಟೇ ಎಚ್‌ಆರ್, ಉಳಿದಂತೆ ಪೂರ್ತಿ ಕಲಾವಿದ. ಪ್ರತಿ ಭಾನುವಾರ ನಾಗಸಂದ್ರದಲ್ಲಿ ಮೆಟ್ರೊ ಹತ್ತಿ, ಊರಿನ ಆ ತುದಿಯ ಬ್ರೂಕ್‌ಫೀಲ್ಡಿಗೆ ಫೋಟೋಗ್ರಫಿ ಕಲಿಯಲು ಹೋಗುತ್ತಿದ್ದ. ಸೂರ್ಯಾಸ್ತ ತೆಗೆದ, ಪಾರಿವಾಳ ತೆಗೆದ, ಕಾಫಿ ಲೋಟದ ಹಬೆ ತೆಗೆದ. ಏನೂ ತೋಚದ ದಿನ ತನ್ನ ಬರಿಗಾಲನ್ನೇ ಕಪ್ಪುಬಿಳುಪಿನಲ್ಲಿ ತೆಗೆದ. ಪಾಠ ಹೇಳುವ ಕೃಪಾ ಮೇಡಂ ಎಲ್ಲವನ್ನೂ ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಚೆನ್ನಾಗಿದೆ ಮನು. ಆದ್ರೆ ಇದರಲ್ಲಿ ನೀವೆಲ್ಲಿದ್ದೀರಿ? ನಿಮ್ಮ ದೃಷ್ಟಿ ಎಲ್ಲಿ?"

ಹೀಗೆ ತನ್ನನ್ನು ತಾನು ಹುಡುಕುತ್ತ ಮನು ಒಂದು ಮಧ್ಯಾಹ್ನ ಕಾರ್ಖಾನೆಯ ಪಾಲಿಷ್ ಶೆಡ್ಡಿಗೆ ಬಂದ. ಅಲ್ಲಿ ದುರ್ಗವ್ವ ತಟ್ಟೆಯಗಲದ ಸ್ಟೀಲ್ ಮುಚ್ಚಳಗಳನ್ನು ತಿರುಗುವ ಚಕ್ರಕ್ಕೆ ಹಿಡಿದು ಉಜ್ಜುತ್ತಿದ್ದಳು. ಉಜ್ಜಿದವರ ಮುಖ ಅದರಲ್ಲಿ ಕಾಣಬೇಕು, ಕಾಣದಿದ್ದರೆ ಮಾಲು ವಾಪಸ್ಸು. ಶೆಡ್ಡಿನ ನಿಯಮವೇ ಹಾಗೆ.

"ಕನ್ನಡಕ, ಮಾಸ್ಕು ತೆಗೀರಿ ದುರ್ಗವ್ವ. ಮುಚ್ಚಳ ಎದೆ ಹತ್ರ ಹಿಡ್ಕೊಂಡು ನಿಂತ್ಕೊಳ್ಳಿ. ಶ್ರಮ ಕಾಣ್ಬೇಕು."

"ಕಣ್ಣಾಗ ಪುಡಿ ಬೀಳತೈತ್ರಿ ಸರ. ಆಜೂಬಾಜೂ ಎಲ್ಲಾ ಮಷಿನ್ ನಡದಾವ್ರಿ."

"ಎರಡೇ ನಿಮಿಷ."

ರಬ್ಬರು ಹರಿದದ್ದಕ್ಕೆ ಲಂಗದ ಕೆಂಪು ಲಾಡಿ ಕಟ್ಟಿಕೊಂಡಿದ್ದ ಕನ್ನಡಕವನ್ನೂ ಮಾಸ್ಕನ್ನೂ ಅವಳು ಬಿಚ್ಚಿ ಬೆಂಚಿನ ಮೇಲೆ ಇಡಲು ಹೋದಳು. "ಅಲ್ಲಿಟ್ರೆ ಫ್ರೇಮಲ್ಲಿ ಬರುತ್ತೆ, ಕೊಡಿ ಇಲ್ಲಿ," ಎಂದು ಅವನೇ ಇಸಿದುಕೊಂಡ. ಎರಡು ನಿಮಿಷ ಮುಕ್ಕಾಲು ಗಂಟೆಯಾಯಿತು. ಪುಡಿ ಬಿತ್ತು, ಕಣ್ಣು ಉರಿಯಿತು, ನೀರು ಇಳಿಯಿತು. ಮನುವಿಗೆ ಬೇಕಾದದ್ದೂ ಅದೇ. 'ಶ್ರಮದ ಕಣ್ಣೀರು' ಎಂದು ಹೆಸರಿಟ್ಟು ತೋರಿಸಿದಾಗ ಕೃಪಾ ಮೇಡಂ ಎದ್ದು ನಿಂತು, "ಈಗ ಕಾಣಿಸ್ತಾ ಇದ್ದೀರಿ ನೋಡಿ ಮನು!" ಎಂದರು. ಸ್ಪರ್ಧೆಯಲ್ಲಿ ಎರಡನೇ ಬಹುಮಾನವೂ ಬಂತು. ಲಕ್ಷ್ಮಯ್ಯ ಖುಷಿಯಿಂದ ದೊಡ್ಡದಾಗಿ ಪ್ರಿಂಟ್ ಹಾಕಿಸಿ ರಿಸೆಪ್ಷನ್ನಿನಲ್ಲಿ ತೂಗುಹಾಕಿಸಿದರು. ದುರ್ಗವ್ವನ ಕಣ್ಣು ನಾಲ್ಕು ದಿನ ಕೆಂಪಗಿತ್ತು. ಅದಕ್ಕೆ ಬಹುಮಾನ ಇರಲಿಲ್ಲ.

ಹೋದ ವಾರ ಮಾಲು ಕೊಳ್ಳುವ ಕಂಪನಿಯವರು ತಪಾಸಣೆಗೆ ಬಂದು ಆ ಫೋಟೋದ ಮುಂದೆ ನಿಂತುಬಿಟ್ಟರು. ಮನು ಕಾಲರು ಸರಿಮಾಡಿಕೊಂಡು ಹೊಗಳಿಕೆಗೆ ಕಾದ. ಅವರು ಕೇಳಿದ್ದು, ಈ ಹೆಂಗಸಿನ ಕಣ್ಣಿಗೆ ಕನ್ನಡಕ ಯಾಕಿಲ್ಲ ಎಂದು. ಆರ್ಡರು ತಡೆಹಿಡಿದು ಹೊರಟುಹೋದರು. ಲಕ್ಷ್ಮಯ್ಯ ಗದರಿದಾಗ ಕಲಾವಿದ ಎಲ್ಲಿ ಓಡಿಹೋದನೋ, ಉಳಿದದ್ದು ಎಚ್‌ಆರ್ ಮಾತ್ರ: "ಎಷ್ಟ್ ಹೇಳಿದ್ರೂ ಇವರು ಹಾಕ್ಕೊಳ್ಳಲ್ಲ ಸಾರ್."

"ಏನ್ ಬರದೈತ್ರಿ ಇದರಾಗ?" ಮುಂದಿದ್ದ ಮೆಮೊ ನೋಡುತ್ತ ದುರ್ಗವ್ವ ಕೇಳಿದಳು.

"ನಿಮ್ಮ ನಿರ್ಲಕ್ಷ್ಯದಿಂದ ಕಂಪನಿಗೆ ನಷ್ಟ ಆಗಿದೆ ಅಂತ. ಸೋಮವಾರದಿಂದ ಬರೋದು ಬೇಡ."

ಅವಳ ಬಾಗಲಗುಂಟೆಯ ಬಾಡಿಗೆ ಕೋಣೆ, ಇಬ್ಬರು ಹೆಣ್ಣುಮಕ್ಕಳ ಶಾಲೆ, ಎಲ್ಲವೂ ಈ ಕೆಲಸದ ಮೇಲೇ ನಿಂತಿತ್ತು. "ಕನ್ನಡಕ ತೆಗೀರಿ ಅಂದವರು ನೀವ ಅಲ್ರೀ ಸರ?"

"ನಾನಾ? ನಾನ್ಯಾಕೆ ಹೇಳ್ಲಿ? ಸಾಕ್ಷಿ ಕಣ್ಮುಂದೆನೇ ಇದೆಯಲ್ಲ," ಎಂದು ಮನು ಫೋಟೋದ ಕಡೆ ಕೈ ತೋರಿಸಿದ.

ದುರ್ಗವ್ವ ಆ ಫೋಟೋ ನೋಡಿಯೇ ಇರಲಿಲ್ಲ; ಅವಳಂಥವರಿಗೆ ಇದ್ದದ್ದು ಹಿಂದಿನ ಗೇಟು. ಈಗ ಎದ್ದು ಹತ್ತಿರ ಹೋದಳು. ತನ್ನ ಮುಖದ ಗೊಡವೆಗೆ ಹೋಗದೆ, ರೂಢಿಯಂತೆ, ಫೋಟೋದಲ್ಲಿ ತಾನು ಹಿಡಿದಿದ್ದ ಮುಚ್ಚಳದ ಪಾಲಿಷ್ ಹೇಗಿದೆಯೆಂದು ಬಗ್ಗಿ ನೋಡಿದಳು. ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದಳು.

"ಯಪ್ಪಾ, ಸ್ವಲ್ಪ ಇತ್ತ ಬರ್ರಿ."

ಲಕ್ಷ್ಮಯ್ಯ ಚಾಳೀಸು ಏರಿಸಿಕೊಂಡು ಬಂದು ಬಗ್ಗಿದರು. ಮುಚ್ಚಳದೊಳಗೆ ಮನು ನಿಂತಿದ್ದ. ಕಣ್ಣಿಗೆ ಕ್ಯಾಮೆರಾ, ಮೊಣಕೈಯಲ್ಲಿ ನೇತಾಡುವ ಮಾಸ್ಕು.

"ನಿನ್ ಅಣೆ ಮ್ಯಾಲೆ ಕೆಂಪ್ಗೆ ಏನಯ್ಯಾ ಅದು?"

"ಲಾಡಿ ನಂದ್ರಿ ಯಪ್ಪಾ," ಎಂದಳು ದುರ್ಗವ್ವ, ಕತ್ತಿನಲ್ಲಿ ನೇತಾಡುತ್ತಿದ್ದ ಕನ್ನಡಕವನ್ನು ಎತ್ತಿ ತೋರಿಸುತ್ತ.

ಲಕ್ಷ್ಮಯ್ಯ ಮೇಜಿಗೆ ಬಂದು, ಮೆಮೊದಲ್ಲಿದ್ದ ಅವಳ ಹೆಸರಿನ ಮೇಲೆ ಗೀಟು ಎಳೆದು, ಹಾಳೆಯನ್ನು ಮನುವಿನ ಕಡೆ ತಿರುಗಿಸಿದರು. ಪೆನ್ನನ್ನೂ ಅವನ ಕಡೆಗೇ ತಳ್ಳಿದರು.

"ಸಾರ್, ಅದು ಬರೀ ಪ್ರತಿಬಿಂಬ," ಮನು ತೊದಲಿದ. "ಅದರಲ್ಲಿ ಮುಖ ಅಷ್ಟು ಸರಿಯಾಗಿ ಕಾಣಲ್ಲ ಸಾರ್."

"ಕಾಣತೈತ್ರಿ," ಎಂದಳು ದುರ್ಗವ್ವ. "ಕಾಣೂತನಕಾ ಉಜ್ಜೇನ್ರಿ."