ಅಥಣಿಯ ಫ್ಯಾನು

"ನಡುವ ಲೈಟ್ ಹೋದ್ರ ಏನಾಗತೈತ್ರಿ?" ಎಂದು ಚಂದ್ರಮತಿ ಕೇಳುವಷ್ಟರಲ್ಲಿ ಭೂಪಾಲ ಫ್ಲಾಪಿ ತುರುಕಿ ಗುಂಡಿ ಒತ್ತಿ ಆಗಿತ್ತು.

"ಹೋಗಂಗಿಲ್ಲ ಬಿಡ್ರಿ ಅಕ್ಕಾರ. ಬರೇ ಅರ್ಧಾ ತಾಸಿನ ಕೆಲಸ."

"ನಮ್ಮ ಯುಪಿಎಸ್ ಬ್ಯಾಟರಿ ದೀಪಾವಳಿಗೇ ಸತ್ತೈತಿ. ಈ ಊರಾಗ ಹೊಲದ ಪಂಪಿಗೆ ಕೊಟ್ರ ಮನಿಗಿಲ್ಲ, ಮನಿಗೆ ಕೊಟ್ರ ಪಂಪಿಗಿಲ್ಲ."

"ನಮ್ಮ ಕಾಲನಿಯಾಗ ಎಷ್ಟೋ ಸಲ ಓಡ್ಸಿ ನೋಡೇನ್ರಿ. ಏಕದಮ್ ಬರೋಬರ ಐತಿ."

ರಾಯಬಾಗದ ಬಸ್‌ಸ್ಟ್ಯಾಂಡಿನ ಹಿಂದಿನ ಆ ಟೈಪಿಂಗ್ ಅಂಗಡಿ ಚಂದ್ರಮತಿಯದು. ಕಾಲೇಜಿನ ಮಾಸ್ತರರೊಬ್ಬರ ಪಿಎಚ್‌ಡಿ ಪ್ರಬಂಧವನ್ನು ಆಕೆ ಮಳೆಗಾಲದಿಂದ ಟೈಪು ಮಾಡುತ್ತಿದ್ದಳು. ಸೋಮವಾರ ಅದು ಧಾರವಾಡ ಮುಟ್ಟಬೇಕು. ಕೊನೆಯ ಅಧ್ಯಾಯಕ್ಕೆ ಬಂದಾಗ ಕಂಪ್ಯೂಟರ್ ಡಿಸ್ಕಿನಲ್ಲಿ ಜಾಗ ಇಲ್ಲ ಎಂದಿತು. ಡಿಸ್ಕಿನೊಳಗಿನ ಫೈಲುಗಳನ್ನು ಒತ್ತಿ, ಒತ್ತಟ್ಟಿಗೆ ಸರಿಸಿ ಜಾಗ ಮಾಡಿಕೊಡುವ ಪ್ರೋಗ್ರಾಂ ಭೂಪಾಲನದು. ಅದರ ಹಳೆಯ ರೂಪ ಮೊದಲು ಎಲ್ಲ ಫೈಲುಗಳ ನಕಲನ್ನು ಫ್ಲಾಪಿಗಳಲ್ಲಿ ಇಟ್ಟುಕೊಳ್ಳುತ್ತಿತ್ತು. ಇಡೀ ದಿನ ಫ್ಲಾಪಿ ಬದಲಿಸುತ್ತ ಕೂರಬೇಕಿತ್ತು. ಹೊಸದರಲ್ಲಿ ಅವನು ಆ ರಗಳೆಯನ್ನೇ ತೆಗೆದುಹಾಕಿದ್ದ. ಅವನು ಬೆಳೆದದ್ದು, ಪ್ರೋಗ್ರಾಂ ಬರೆದದ್ದು ಎರಡೂ ಸಕ್ಕರೆ ಕಾರ್ಖಾನೆಯ ಕಾಲನಿಯಲ್ಲಿ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆ ತನ್ನ ಕರೆಂಟನ್ನು ತಾನೇ ಮಾಡಿಕೊಳ್ಳುತ್ತದೆ. ಅಲ್ಲಿ ಲೈಟು ಹೋಗುವುದಿಲ್ಲ.

ಇಲ್ಲಿ ಹೋಯಿತು. ಪರದೆ ಕಪ್ಪಾಯಿತು. ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಲೈಟು ಬಂತು, ಫ್ಯಾನೂ ತಿರುಗಿತು. ಡಿಸ್ಕ್ ಮಾತ್ರ ಬರಲಿಲ್ಲ.

"ಎಲ್ಲಾ ಹೋತೇನ್ರಿ?"

"ಹೋತ್ರಿ."

ಚಂದ್ರಮತಿ ಕಪಾಟಿನಿಂದ ಮಾಸ್ತರರ ಕೈಬರಹದ ಕಟ್ಟು ತೆಗೆದು ಮೇಜಿನ ಮೇಲೆ ಇಟ್ಟಳು.

ಆಗ ಭೂಪಾಲನ ಪಾಲುದಾರ ಕಾಕಾಸಾಹೇಬ ಪೇಢೆಯ ಡಬ್ಬಿ ಹಿಡಿದು ಒಳಗೆ ಬಂದ. ಊರೂರಿಗೆ ಮಾರುವ ಕೆಲಸ ಅವನದು. "ತಗೋರಿ ಅಕ್ಕಾರ, ಬಾಯಿ ಸಿಹಿ ಮಾಡ್ರಿ. ಭೂಪಾಲ್ಯಾ, ಮುಂಜಾನೆ ಕಂಡಕ್ಟರ್ ಕೈಯಾಗ ಕೊಟ್ಟ ಹೊಸಾ ಪ್ರೋಗ್ರಾಮಿನ ಫ್ಲಾಪಿ ಮೂರೂ ಮುಟ್ಟಿರಬೇಕಲೇ! ನಿಪ್ಪಾಣಿ, ಚಿಕ್ಕೋಡಿ, ಅಥಣಿ." ಇಬ್ಬರ ಮುಖ ನೋಡಿ ಡಬ್ಬಿಯ ಮುಚ್ಚಳ ಹಾಕಿದ. ಭೂಪಾಲ ಆದದ್ದು ಹೇಳಿದ.

"ಮೂವರಿಗೂ ಫೋನ್ ಮಾಡಬೇಕು."

"ಏನಂತ? ನಮ್ಮ ಮಾಲು ಖರಾಬ ಐತಿ ಅಂತನ? ಭಾಳ ಶಾಣ್ಯಾ ಅದಿ ಬಿಡು. ನಾಳಿಂದ ಯಾರ ಬಾಗಲಾಗ ನಿಲ್ಲೂಣು? ಅಲ್ಲೆ ಲೈಟ್ ಹೋಗತೈತಿ ಅಂತ ಯಾಕ ತಿಳಕೋತಿ?"

ಚಂದ್ರಮತಿ ಫೋನನ್ನು ಅವರತ್ತ ಸರಿಸಿದಳು. "ಇಲ್ಲಿಂದನ ಮಾಡ್ರಿ. ಬಿಲ್ ನಿಮ್ದು."

ಭೂಪಾಲ ಒಂದೊಂದೇ ನಂಬರು ತಿರುಗಿಸಿದ. ನಿಪ್ಪಾಣಿಯವರು ಕವರು ಒಡೆದಿರಲಿಲ್ಲ. ಚಿಕ್ಕೋಡಿಯವರು ಊಟಕ್ಕೆ ಹೋಗುವವರಿದ್ದರು. ಬಂದು ಹಾಕೋಣ ಎಂದುಕೊಂಡಿದ್ದರಂತೆ. ಅಥಣಿಯಲ್ಲಿ ಪ್ರೆಸ್ಸಿನ ವಿರುಪಾಕ್ಷಪ್ಪನೇ ಫೋನು ಎತ್ತಿದ.

"ಹಾಕೀವ್ರಿ, ನಡದೈತಿ! ಹೊಸಾದು ಭಾಳ ಜೋರ ಐತ್ರಿ."

"ಎಷ್ಟ ಆಗೈತ್ರಿ?"

"ಅರ್ಧಕ್ಕ ಬಂದೈತಿ. ಯಾಕ, ಬಂದ್ ಮಾಡ್ಲೇನು?"

"ಬ್ಯಾಡ್ರಿ! ನಡುವ ನಿಂತ್ರ ಡಿಸ್ಕಿನಾಗಿಂದು ಒಂದೂ ಉಳಿಯಂಗಿಲ್ಲ. ತಪ್ಪು ನಂದ್ರಿ. ಯುಪಿಎಸ್ ಐತಿಲ್ರಿ?"

"ರಿಪೇರಿಗೆ ಸಾಂಗ್ಲಿಗೆ ಹೋಗೈತಿ" ಎಂದ ವಿರುಪಾಕ್ಷಪ್ಪ. ಅವನ ದನಿ ಬದಲಾಗಿತ್ತು. "ನಮ್ಮ ಇಡೀ ಪ್ರೆಸ್ಸ ಅದರಾಗ ಐತೋ ತಮ್ಮಾ."

"ಲೈಟು?"

"ಈಗಂತೂ ಐತಿ. ತಡಿ, ನೋಡ್ಕೋಂತ ಕುಂದರ್ತೇನಿ." ರಿಸೀವರನ್ನು ಮೇಜಿನ ಮೇಲೆ ಕುಕ್ಕಿ ಅವನು ಒಳಗೆ ಹೋದ.

ಭೂಪಾಲ ಫೋನು ಇಡಲಿಲ್ಲ. ದೂರದಲ್ಲಿ, ಅಥಣಿಯ ಆ ಕೋಣೆಯಲ್ಲಿ, ಎಣ್ಣೆ ಕಾಣದ ಫ್ಯಾನೊಂದು ಕಿರ್ ಕಿರ್ ಎಂದು ತಿರುಗುತ್ತಿತ್ತು. ಕಾಕಾಸಾಹೇಬ ಡಬ್ಬಿ ಕೆಳಗಿಟ್ಟು ಬಂದು ಅವನ ಕಿವಿಯ ಪಕ್ಕ ತನ್ನ ಕಿವಿ ತಂದ. ಕೈಬರಹದ ಮೊದಲ ಹಾಳೆ ಹಿಡಿದಿದ್ದ ಚಂದ್ರಮತಿ ಇಬ್ಬರನ್ನೂ ಒಮ್ಮೆ ನೋಡಿದಳು. ಎದ್ದು ಹೋಗಿ, ಅವರಿಗೆ ಅದು ಸರಿಯಾಗಿ ಕೇಳಲೆಂದು, ತನ್ನ ಫ್ಯಾನು ಬಂದ್ ಮಾಡಿದಳು.