ಕಿಲೀಮಿನ ತೂತು

ತೂತು ಕಾಣಿಸುತ್ತಿರಲಿಲ್ಲ.

ಶಿವಪ್ರಕಾಶ್ ಮಂಡಿಯೂರಿ, ನೆಲಕ್ಕೆ ಹಾಸಿದ್ದ ಕಿಲೀಮಿನ ಎಡಮೂಲೆಯನ್ನು ಮತ್ತೊಮ್ಮೆ ತಡವಿದ. ಕಳೆದ ಶನಿವಾರ ಆಫೀಸು ಕೆಲಸಕ್ಕೆ ಬೋಸ್ಟನ್ನಿಗೆ ಹೊರಟಾಗ ಅಂಗೈಯಗಲದ ತೂತಿತ್ತು. ಈಗ ಅಲ್ಲಿ ಎಂಟು ಮೊನೆಯ ಕೆಂಪು ನಕ್ಷತ್ರವೊಂದು ಕೂತಿತ್ತು. ಇನ್ನರ್ಧ ಗಂಟೆಯಲ್ಲಿ ಅದನ್ನು ಪರೀಕ್ಷಿಸಲು ಸ್ನೇಹಲ್ ಬರುವವಳಿದ್ದಳು.

"ಅತ್ತೆ, ಏನ್ಮಾಡಿದ್ರಿ ಇದನ್ನ?"

"ಹರದಿತ್ತಲ್ರೀ ಅಳಿಯಾರ, ನೇಯ್ದು ಮುಚ್ಚೀನಿ," ಎಂದರು ಗುರುಬಸವ್ವ ಅಡುಗೆಮನೆಯಿಂದ. "ಉಣ್ಣಿ ನೂಲು ಸಿಗಲಿಲ್ಲ. ನಿಮ್ಮ ಕೆಂಪು ಸ್ವೆಟರ್ ಬಿಚ್ಚಿದ್ನಿ."

ಅವರು ನವಲಗುಂದದಲ್ಲಿ ಜಮಖಾನೆ ನೇಯುವವರ ಪಕ್ಕದ ಮನೆಯಲ್ಲಿ ಬೆಳೆದವರು. ಹರಿದದ್ದು ಕಂಡರೆ ಕೈ ಸುಮ್ಮನಿರದು.

ಶಿವಪ್ರಕಾಶ್ ಎಂಬುದು ಸುಳ್ಳು ಹೆಸರು. ನಿಜವಾದದ್ದು ಈ ಕಥೆ ಬರೆದವನದ್ದೇ, ನಾಚಿಕೆಯಾಗಿ ಬದಲಾಯಿಸಿದ್ದೇನೆ. ಫಾಸ್ಟರ್ ಸಿಟಿಯಲ್ಲಿ ಯಾರದೋ ಮನೆ ಖಾಲಿ ಮಾಡುವಾಗ ಅವನು ಕೊಂಡ ಹಾಸು ಅದು. ಕಾಕಸಸ್ ಬೆಟ್ಟಗಳ ಹೆಂಗಸರು ನೂರೈವತ್ತು ವರ್ಷಗಳ ಹಿಂದೆ, ಗಂಟು ಹಾಕದೆ, ಚಪ್ಪಟೆಯಾಗಿ ನೇಯ್ದದ್ದು ಎಂದು ತಾನಿರುವ ಸ್ಯಾನ್ ರಮೋನಿನ ಕನ್ನಡಿಗರಿಗೆಲ್ಲ ಪಾಠ ಹೇಳಿದ್ದ. ನುಸಿ ತಿಂದ ತೂತೇ ಹಳಮೆಗೆ ಸಾಕ್ಷಿ. ಬಂದವರಿಗೆ ಮೊದಲು ತೂತು, ಆಮೇಲೆ ಕಾಫಿ.

ಅವನ ಉದ್ಯೋಗ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಔಷಧಿ ಲ್ಯಾಬಿನಲ್ಲಿ. ಮಾತ್ರೆಗಳೆಲ್ಲ ಒಂದೇ ತೂಕ ಇವೆಯೇ ಎಂದು ನೋಡುವುದು. ಅದೇ ಕಣ್ಣಿನಿಂದ ಕಿಲೀಮನ್ನೂ ನೋಡಿದ್ದ. ತೂತು ಬಿಟ್ಟು ಮೂವತ್ತೊಂದು ನಕ್ಷತ್ರ. ಒಂದರಲ್ಲೂ ಒಂದೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಂಥ ಕೈ ಎಂದು ಎರಡೆರಡು ಸಲ ಎಣಿಸಿದ್ದ. ಊರಿಂದ ಬಂದ ದಿನವೇ ಅತ್ತೆಯೂ ಬಗ್ಗಿ ನೋಡಿ, "ಇದರಾಗ ಒಂದೂ ತಪ್ಪಿಲ್ಲಲ್ರೀ!" ಎಂದಿದ್ದರು. ಪರವಾಗಿಲ್ಲ, ಇವರಿಗೂ ರುಚಿಯಿದೆ ಎಂದುಕೊಂಡಿದ್ದ.

ಸ್ನೇಹಲ್ ಬೆಳಗಾವಿಯವಳು. ಮ್ಯೂಸಿಯಮ್ಮಿನಲ್ಲಿ ಹಳೆಯ ನೇಯ್ಗೆಗಳನ್ನು ಸರಿಪಡಿಸುವವಳು. ಹಾಸುಪ್ರಿಯರ ಸಂಘದ ಪ್ರದರ್ಶನಕ್ಕೆ ಅವಳು ಎಂಟೇ ಎಂಟು ಹಾಸು ಆರಿಸಬೇಕಿತ್ತು. ಶಿವಪ್ರಕಾಶ್ ಆಗಲೇ ನಲವತ್ತು ಜನರನ್ನು ಕರೆದಾಗಿತ್ತು, ಭಾಷಣವನ್ನೂ ಬರೆದಾಗಿತ್ತು. ಈಗ ಅವಳು ಬೇಡವೆಂದರೆ ತಲೆ ಎತ್ತಿ ತಿರುಗುವ ಹಾಗಿರಲಿಲ್ಲ.

ಕರೆಗಂಟೆ ಸದ್ದಾಯಿತು. ಅವನು ಕುರ್ಚಿಯೊಂದನ್ನು ಎಡಮೂಲೆಯ ಮೇಲೆಳೆದು ಕೂತುಬಿಟ್ಟ. ಹೆಂಡತಿ ವಿಜಯಶ್ರೀಯೇ ಹೋಗಿ ಬಾಗಿಲು ತೆಗೆದಳು. ಗಂಡನ ಅವತಾರ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

ಸ್ನೇಹಲ್ ಭೂತಗನ್ನಡಿ ಹಿಡಿದು ಒಂದೊಂದೇ ನಕ್ಷತ್ರ ನೋಡುತ್ತಾ ಬಂದಳು. ಹಾಸಿನ ಬಲ ಅಂಚನ್ನು ಮಗುಚಿ ನೋಡಿದಳು.

"ಸ್ವಲ್ಪ ಏಳ್ತೀರೇನ್ರಿ?"

ಎದ್ದ. ಅವಳು ಎಡಮೂಲೆಯ ಮೇಲೆ ಬಗ್ಗಿದವಳು ತುಂಬಾ ಹೊತ್ತು ತಲೆಯೆತ್ತಲಿಲ್ಲ.

"ಅದು ನಮ್ಮತ್ತೆ ಕೆಲಸ. ಆಂಟೀಕ್ ಅಂದ್ರೆ ಏನೂಂತ ಅವರಿಗೆ ಗೊತ್ತಿಲ್ಲ, ಪಾಪ. ಇವತ್ತೇ ಬಿಚ್ಚಿಸಿಬಿಡ್ತೀನಿ."

ಕಾಫಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಗುರುಬಸವ್ವನ ಮುಖ ಚಿಕ್ಕದಾಯಿತು. ಆಡಿದ ಮಾತಿಗೆ ಅವನಿಗೇ ನಾಚಿಕೆಯಾಯಿತು. ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಸ್ನೇಹಲ್ ಎದ್ದು ಹೋಗಿ ಮುದುಕಿಯ ಕೈಯಿಂದ ತಟ್ಟೆ ಇಸಿದುಕೊಂಡಳು.

"ಬಿಚ್ಚಬ್ಯಾಡ್ರಿ ಸರ್. ಇಷ್ಟು ದೊಡ್ಡ ಹಾಸಿನಾಗ ಕೈಲೆ ನೇಯ್ದಿದ್ದು ಅದೊಂದ ಅದ, ಉಳಿದಿದ್ದೆಲ್ಲಾ ಮಷೀನು."