ಗಂಧ ಹಚ್ಚಿದ ಬೋಲ್ಟುಗಳು

ಭಾರ ತಾಳಲಾರದ ಉಕ್ಕು ಸತ್ತ ಇಲಿಯಂತೆ ನಾರುತ್ತದೆ. ಹಾಗಾಗಿ ಹೊಳೆಯ ಸೇತುವೆಗೆ ಬಿಗಿದ ಬೋಲ್ಟುಗಳನ್ನು ವರ್ಷಕ್ಕೊಮ್ಮೆ ಬಂದು ಒಂದೊಂದಾಗಿ ಮೂಸಿ ನೋಡುವುದೇ ಇನ್‌ಸ್ಪೆಕ್ಟರ್ ಶಾರವ್ವನ ಕೆಲಸ. ಈ ಬೆಳಿಗ್ಗೆ ನಡುಗಂಬದ ಬೋಲ್ಟುಗಳು ಘಮಘಮ ಎನ್ನುತ್ತಿದ್ದವು. ಅವಕ್ಕೆಲ್ಲ ದಪ್ಪಗೆ ಗಂಧ ಬಳಿದಿತ್ತು.

"ನಿನ್ನೆ ಅಮಾಸಿ ಪೂಜಿ ಮಾಡೇವ್ರಿ ಮೇಡಂ," ಎಂದ ಎಂಜಿನಿಯರ್ ಚನ್ನವೀರ.

ಶಾರವ್ವ ಒದ್ದೆ ಬಟ್ಟೆಯಿಂದ ಒಂದನ್ನು ಒರೆಸಿ ಮೂಸಿದಳು. ಗಬ್ಬು ನಾತ ಗಂಟಲಿಗೇ ಇಳಿಯಿತು. ತಿಂದ ಉಪ್ಪಿಟ್ಟೆಲ್ಲ ಅಲ್ಲೇ ವಾಂತಿಯಾಯಿತು.

"ಗಟ್ಟಿ ಉಕ್ಕಿನ ತೊಲಿಗೆ ಸಾದಾ ಬೋಲ್ಟ್ ಹಾಕೀರಿ! ಎಷ್ಟ ದಿನದಿಂದ ನಾರಾಕತ್ತೈತಿ?"

"ಆರು ತಿಂಗಳಾತ್ರೀ."

"ಥೂ! ಗೊತ್ತಿದ್ದೂ ಮಂದೀನ ಓಡಾಡಾಕ ಬಿಟ್ಟೀರಿ?"

ತಲೆಯ ಮೇಲೆ ಶಾಲೆಯ ಬಸ್ಸೊಂದು ಗಡಗಡ ಹಾದುಹೋಯಿತು. ಚನ್ನವೀರ ಮೂಗು ಮುಚ್ಚಿಕೊಂಡೇ ಹೇಳಿದ:

"ನಮ್ಮ ಮಕ್ಕಳು ದೋಣ್ಯಾಗ ಸಾಲಿಗೆ ಹೋಗ್ತಾರ್ರೀ."